ಈಸ್ಟ್ ಹ್ಯಾಮ್‌ನಲ್ಲಿ ಅವ್ವನ ಕಾರ್ಡು

ಲಂಡನ್ನಿನ ಈಸ್ಟ್ ಹ್ಯಾಮ್ ಸ್ಟೇಷನ್ನಿನಿಂದ ಹೊರಬಂದು ಹೈ ಸ್ಟ್ರೀಟ್ ನಾರ್ತ್‌ಗೆ ಕಾಲಿಟ್ಟರೆ, ಇಂಗ್ಲೆಂಡಿಗೆ ಬಂದಿದ್ದೇವೋ ಚೆನ್ನೈನ ಯಾವುದೋ ಬಡಾವಣೆಗೆ ಬಂದಿದ್ದೇವೋ ಎಂಬ ಅನುಮಾನ ಬರುತ್ತದೆ. ದೋಸೆ ಹೋಟೆಲು, ಚಿನ್ನದಂಗಡಿ, ತಮಿಳು ಬೋರ್ಡು, ಅಂಗಡಿಯ ಹೊರಗೆ ಪೆಟ್ಟಿಗೆಗಳಲ್ಲಿ ನುಗ್ಗೆಕಾಯಿ, ಬದನೆಕಾಯಿ, ಕರಿಬೇವು. ಹಾಗೇ ಸ್ವಲ್ಪ ದೂರ ನಡೆದರೆ ಮಹಾಲಕ್ಷ್ಮಿಯ ಗುಡಿ. ಊರಿನ ಈ ಭಾಗದಲ್ಲಿ ಒಬ್ಬರಿಗೆ ಇಂಗ್ಲಿಷ್ ಬರದಿದ್ದರೂ ದಿನ ಸಾಗುತ್ತದೆ. ಆದರೆ ಸ್ಟೇಷನ್ನಿನ ಗೇಟಿನ ಮೇಲೆ ಕೂತಿರುವ ಆ ಹಳದಿ ದುಂಡು ರೀಡರಿಗೆ ಮಾತ್ರ ಯಾವ ಭಾಷೆಯೂ ಬೇಕಿಲ್ಲ, ಕಾರ್ಡು ಬೇಕು. ಅದೂ ತಲೆಗೊಂದು.

ಈ 'ತಲೆಗೊಂದು' ಎನ್ನುವುದನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು. ನಮ್ಮಲ್ಲಿ ಮನೆಯ ಯಜಮಾನ ಒಬ್ಬನೇ ಫೋನು ತೆಗೆದು ಐದು ಜನರ ಟಿಕೆಟ್ಟಿಗೆ ಸ್ಕ್ಯಾನ್ ಮಾಡುತ್ತಾನೆ. ಲಂಡನ್ನಿನ ಬಸ್ಸು, ಟ್ಯೂಬುಗಳಲ್ಲಿ ಟಿಕೆಟ್ಟೇ ಇಲ್ಲದೆ ನೇರ ಬ್ಯಾಂಕ್ ಕಾರ್ಡು ಮುಟ್ಟಿಸಿ ಹೋಗುವುದಾದರೆ ಒಂದು ಕಾರ್ಡಿನಲ್ಲಿ ಒಬ್ಬರೇ. ಹತ್ತು ವರ್ಷದವರೆಗಿನ ಮಕ್ಕಳು ದೊಡ್ಡವರ ಜೊತೆ ಟ್ಯೂಬಿನಲ್ಲಿ ಪುಕ್ಕಟೆ. ಉಳಿದ ಎಲ್ಲರಿಗೂ ಅವರವರದೇ ಕಾರ್ಡು. ಹಾಗಾಗಿ 2024ರ ಜೂನ್‌ನಲ್ಲಿ ತಂಗಿಯ ಬಾಣಂತನಕ್ಕೆಂದು ಅವ್ವನನ್ನು ಧಾರವಾಡದಿಂದ ಕರೆದುಕೊಂಡು ಹೊರಟಾಗ, ವೀಸಾ ಆದ ಮೇಲೆ ನಮ್ಮ ಮನೆಯಲ್ಲಿ ನಡೆದ ದೊಡ್ಡ ಚರ್ಚೆ ಅಂಟಿನುಂಡಿ ಎಷ್ಟು ಕಿಲೋ ಒಯ್ಯಬಹುದು ಎನ್ನುವುದಲ್ಲ, ಅವ್ವನ ಕೈಗೆ ಯಾವ ಕಾರ್ಡು ಕೊಡುವುದು ಎನ್ನುವುದು.

ನಾನು ಹತ್ತು ದಿನಕ್ಕೆ ಪುಣೆಗೆ ವಾಪಸ್. ಅವ್ವ ಮೂರು ತಿಂಗಳು ಅಲ್ಲೇ. ತಂಗಿಯ ಗಂಡ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಬಾಣಂತಿ ಮನೆಯಲ್ಲಿ. ಸೊಪ್ಪು, ಹಾಲು, ಔಷಧಿ ಅಂದರೆ ಹೊರಗೆ ಹೋಗಬೇಕಾದವಳು ಅವ್ವ.

ಅವ್ವನ ಬಗ್ಗೆ ಇಷ್ಟು ಹೇಳಬೇಕು. ಅಪ್ಪ ಹೈಸ್ಕೂಲು ಮಾಸ್ತರರಾಗಿದ್ದರು. ಬ್ಯಾಂಕು, ಎಲ್‌ಐಸಿ, ಕರೆಂಟ್ ಬಿಲ್ಲು ಎಲ್ಲ ಅವರದೇ. ಅವರು ಹೋದ ಮೇಲೆ ಕುಟುಂಬ ಪಿಂಚಣಿ ಅವ್ವನ ಖಾತೆಗೆ ಬರತೊಡಗಿತು. ಬ್ಯಾಂಕಿನವರು ಕೊಟ್ಟ ಎಟಿಎಂ ಕಾರ್ಡು ಕವರಿನ ಸಮೇತ ಕಪಾಟಿನಲ್ಲಿ ಸೀರೆಯ ಕೆಳಗೆ ಸೇರಿತು. ತಿಂಗಳಿಗೊಮ್ಮೆ ಪಾಸ್‌ಬುಕ್ ಹಿಡಿದು ಹೋಗಿ ಸ್ಲಿಪ್ ಬರೆದೇ ಹಣ ತರುತ್ತಾಳೆ. ಕಾರಣವೂ ಇತ್ತು. ನಮ್ಮ ಓಣಿಯಲ್ಲೇ ಒಬ್ಬರಿಗೆ 'ನಿಮ್ಮ ಕೆವೈಸಿ ಮುಗಿದಿದೆ, ಬಂದ ನಂಬರ್ ಹೇಳಿ' ಎಂದು ಫೋನು ಬಂದು, ಹೇಳಿ, ಮಗಳ ಮದುವೆಗೆಂದು ಕೂಡಿಸಿಟ್ಟ ಹಣದ ಒಂದು ಪಾಲು ಹೋಗಿತ್ತು. ಅಂದಿನಿಂದ ಓಣಿಯ ಹೆಣ್ಣುಮಕ್ಕಳಿಗೆಲ್ಲ ಕಾರ್ಡು ಎಂದರೆ ಬಾಗಿಲು ತೆರೆದಿಟ್ಟ ಮನೆ.

ನಾನು ಮೊದಲು ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಅವಳಿಗೊಂದು ಆ್ಯಡ್-ಆನ್ ಕಾರ್ಡು ತರಿಸುತ್ತೇನೆ ಎಂದೆ. ಖರ್ಚು ನನ್ನ ಬಿಲ್ಲಿಗೆ ಬರುತ್ತದೆ, ಅವಳಿಗೆ ಚಿಂತೆ ಇರುವುದಿಲ್ಲ.

"ಅಂದ್ರ ನಾ ಒಂದು ಕೊತ್ತಂಬರಿ ಸಿವುಡು ತಗೊಂಡ್ರೂ ನಿನ್ನ ರೊಕ್ಕ?"

"ಹೌದಲ್ಲವ್ವಾ, ಏನಾತು?"

"ಏನೂ ಆಗಿಲ್ಲ. ನನ್ನ ಪೆನ್ಶನ್ ಐತಿ, ಅದರಾಗ ತುಂಬು."

ಹಾಗೆ ಅವಳದೇ ಪಾಸ್‌ಪೋರ್ಟು, ಅವಳದೇ ಪ್ಯಾನ್ ಕಾರ್ಡು ಕೊಟ್ಟು ಅವಳದೇ ಹೆಸರಿನ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡು ಮಾಡಿಸಿದ್ದಾಯಿತು. ಅದರಲ್ಲಿ 500 ಪೌಂಡ್ ತುಂಬಿಸಿದೆವು. ಆಗ ಪೌಂಡಿಗೆ ಸುಮಾರು 106 ರೂಪಾಯಿ. ವರ್ಷಕ್ಕೆ ಏಳು ಲಕ್ಷದೊಳಗೆ ಇದ್ದುದರಿಂದ ಟಿಸಿಎಸ್ ತಲೆನೋವು ಇರಲಿಲ್ಲ (ಈ ಮಿತಿ 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ಆಗಿದೆ). ಲಂಡನ್ನಿನದೇ ಆಯ್‌ಸ್ಟರ್ ಕಾರ್ಡು ತೆಗೆದುಕೊಳ್ಳಬಹುದಿತ್ತು, ಕಾರ್ಡಿಗೇ ಆಗ 7 ಪೌಂಡ್ ಬೆಲೆ. ಆದರೆ ಆಯ್‌ಸ್ಟರಿನಲ್ಲಿ ಬಸ್ಸು ಹತ್ತಬಹುದೇ ಹೊರತು ಹಾಲು ಕೊಳ್ಳಲು ಆಗುವುದಿಲ್ಲ. ಒಂದೇ ಕಾರ್ಡಿನಲ್ಲಿ ಎರಡೂ ಆಗುವುದಾದರೆ ಅರವತ್ತಾರರ ಹೆಂಗಸಿನ ಪರ್ಸಿನಲ್ಲಿ ಎರಡು ಏಕೆ? ಅಲ್ಲದೆ ಎರಡು ಕಾರ್ಡು ಒಂದೇ ಪರ್ಸಿನಲ್ಲಿದ್ದು ಪರ್ಸನ್ನೇ ರೀಡರಿಗೆ ಒತ್ತಿದರೆ ಯಾವುದು ಮೊದಲು ಸಿಕ್ಕಿತೋ ಅದರಿಂದ ಹಣ ಹೋಗುತ್ತದೆ. ಒಳಗೆ ಹೋಗುವಾಗ ಒಂದು, ಹೊರಬರುವಾಗ ಇನ್ನೊಂದು ಸಿಕ್ಕರೆ ಎರಡೂ ಅರ್ಧ ಪ್ರಯಾಣ ಎಂದು ಎಣಿಸಿ ಎರಡಕ್ಕೂ ಗರಿಷ್ಠ ದರ ಹಾಕುತ್ತಾರೆ. ಸಪೂರ್ಣ ಅದೇ ಲೆಕ್ಕ ಫೋನಿಗೂ: ಹೋಗುವಾಗ ಫೋನು, ಬರುವಾಗ ಕಾರ್ಡು ಎಂದರೆ ನಡೆಯದು, ಎರಡರ ಹಿಂದೆ ಇರುವುದು ಒಂದೇ ಖಾತೆಯಾದರೂ ಸರಿ.

ಹೀಥ್ರೂದಲ್ಲಿ ಇಳಿದು ಪಿಕಡಿಲಿ ಲೈನಿನ ಗೇಟಿನ ಮುಂದೆ ನಿಂತಾಗ ಅವ್ವ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಆರತಿ ತಟ್ಟೆ ಹಿಡಿದ ಹಾಗೆ. ಮುಟ್ಟಿಸಿದಳು. ಹಸಿರು ದೀಪ, ಗೇಟು ತೆರೆಯಿತು. ಆಚೆ ಬಂದವಳೇ ತಿರುಗಿ ರೀಡರನ್ನು ನೋಡಿದಳು.

"ಎಷ್ಟು ತಗೊಂತು?"

"ಇನ್ನೂ ಏನೂ ತಗೊಂಡಿಲ್ಲ. ಇಳಿಯೂ ಮುಂದ ಮತ್ತ ಮುಟ್ಟಸ್ತೀವಲ್ಲ, ಆಮ್ಯಾಲೆ ಲೆಕ್ಕ ಹಾಕ್ತೈತಿ."

ಹ್ಯಾಮರ್‌ಸ್ಮಿತ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಯಲ್ಲಿ ಹಸಿರು ಬಣ್ಣದ ಡಿಸ್ಟ್ರಿಕ್ಟ್ ಲೈನು ಹಿಡಿದರೆ ಈಸ್ಟ್ ಹ್ಯಾಮ್‌ಗೆ ನೇರ ದಾರಿ. ಮೆಟ್ಟಿಲು ಹತ್ತಿಳಿಯುವ ಗೋಜಿಲ್ಲ. ದೊಡ್ಡ ಸೂಟ್‌ಕೇಸು, ಮಂಡಿನೋವು ಇದ್ದವರು ಇದನ್ನು ನೆನಪಿಟ್ಟುಕೊಳ್ಳಿ. ಮಧ್ಯೆ ನನ್ನ ಫೋನಿಗೆ ಮೆಸೇಜು ಬಂತು: ಅವ್ವನ ಕಾರ್ಡಿನಿಂದ 0.10 ಪೌಂಡ್. ಓದಿ ಹೇಳಿದೆ. ಅವಳು ನಂಬಲಿಲ್ಲ. ಮನೆ ಮುಟ್ಟಿದ ಮೇಲೆ ತಂಗಿಗೆ ಮೊದಲು ಹೇಳಿದ ಸುದ್ದಿಯೇ "ಹತ್ತು ಪೈಸೇದಾಗ ಲಂಡನ್ ದಾಟಿ ಬಂದ್ವಿ" ಎಂದು.

ಈ ಹತ್ತು ಪೆನ್ಸ್ ಏನೆಂದು ಹೇಳಬೇಕು, ಯಾಕೆಂದರೆ ಇದರಲ್ಲೇ ಆ ವ್ಯವಸ್ಥೆಯ ಜಾಣತನ ಇದೆ. ನಾವು ಅಂಗಡಿಯಲ್ಲಿ ಕಾರ್ಡು ಒತ್ತಿದಾಗ ಯಂತ್ರ ನಮ್ಮ ಬ್ಯಾಂಕನ್ನು ಕೇಳಿ, ಒಪ್ಪಿಗೆ ಬಂದ ಮೇಲೆ ರಸೀದಿ ಕೊಡುತ್ತದೆ. ಒಂದೆರಡು ಸೆಕೆಂಡು ಹಿಡಿದರೂ ಯಾರಿಗೂ ಅವಸರವಿಲ್ಲ. ಬೆಳಿಗ್ಗೆ ಎಂಟೂವರೆಗೆ ಟ್ಯೂಬಿನ ಗೇಟಿನ ಮುಂದೆ ಹಾಗೆ ಕಾಯಿಸಿದರೆ ಸರತಿ ಸಾಲು ರಸ್ತೆಗೆ ಬರುತ್ತದೆ. ಅಲ್ಲಿನ ಸಾರಿಗೆ ಸಂಸ್ಥೆಯ ಗುರಿ ಅರ್ಧ ಸೆಕೆಂಡಿನೊಳಗೆ ಗೇಟು ತೆರೆಯಬೇಕೆಂಬುದು. ಅಷ್ಟರಲ್ಲಿ ಧಾರವಾಡದ ಬ್ಯಾಂಕಿಗೆ ಕೇಳಿ ಬರಲು ಆಗುವುದಿಲ್ಲ. ಆದ್ದರಿಂದ ರೀಡರು ಮಾಡುವುದು ಎರಡೇ ಕೆಲಸ: ಚಿಪ್ಪು ಅಸಲಿಯೇ ಎಂದು ನೋಡುವುದು, ಬಾಕಿ ಉಳಿಸಿಕೊಂಡ ಕಾರ್ಡುಗಳ ಪಟ್ಟಿಯಲ್ಲಿ ಇದು ಇದೆಯೇ ಎಂದು ನೋಡುವುದು. ಆಮೇಲೆ ಹಿಂದಿನಿಂದ, ಹೊಸ ಕಾರ್ಡಾದರೆ, ಹತ್ತು ಪೆನ್ಸಿನ ಒಂದು ಪರೀಕ್ಷೆ ಬ್ಯಾಂಕಿಗೆ ಹೋಗುತ್ತದೆ. ದಿನದ ಪ್ರಯಾಣವೆಲ್ಲ ಮುಗಿದ ಮೇಲೆ ರಾತ್ರಿ ಕೂಡಿಸಿ, ಮಿತಿ ದಾಟಿದ್ದರೆ ಕಡಿತ ಮಾಡಿ, ಒಂದೇ ಮೊತ್ತ ಎಳೆಯುತ್ತಾರೆ. ಮರುದಿನ ಮುಂಜಾನೆ ನಿಜವಾದ ಲೆಕ್ಕ ಬಂದಾಗ ಅವ್ವನ ಮುಖ ನೋಡಬೇಕಿತ್ತು.

ಬಸ್ಸಿನಲ್ಲಿ ಇದು ಶುರುವಾದದ್ದು 2012ರ ಡಿಸೆಂಬರಿನಲ್ಲಿ, ಟ್ಯೂಬಿಗೆ ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಅದೇ 2014ರ ಜುಲೈಯಿಂದ ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಈಗ ಕೈಯಲ್ಲಿ ನೂರು ಪೌಂಡಿನ ನೋಟಿನ ಕಟ್ಟಿದ್ದರೂ ಬಸ್ಸು ಹತ್ತಲಾಗದು. ನಾವು ಹೋದಾಗ ಬಸ್ಸಿಗೆ ಎಷ್ಟು ದೂರವಾದರೂ 1.75 ಪೌಂಡ್ ಇತ್ತು. ಬಸ್ಸಿಗೆ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು, ಇಳಿಯುವಾಗ ಬೇಡ. ಟ್ಯೂಬಿಗೆ ಎರಡೂ ಕಡೆ ಬೇಕು. ಗೇಟೇ ಇಲ್ಲದ ಡಿಎಲ್‌ಆರ್ ಸ್ಟೇಷನ್ನುಗಳಲ್ಲೂ ಕಂಬ ಹುಡುಕಿ ಮುಟ್ಟಿಸಬೇಕು, ಅಲ್ಲಿ ಮರೆಯುವವರೇ ಹೆಚ್ಚು. ಎಷ್ಟು ಸಲ ಓಡಾಡಿದರೂ ದಿನಕ್ಕೊಂದು ಮಿತಿ ಇದೆ: ನಾವು ಹೋದಾಗ ಒಂದರಿಂದ ಮೂರನೇ ವಲಯದೊಳಗೆ 10 ಪೌಂಡ್, ಬರೀ ಬಸ್ಸಾದರೆ 5.25. ಸೋಮವಾರದಿಂದ ಭಾನುವಾರದವರೆಗೆ ವಾರದ ಮಿತಿ ಬೇರೆ. ಪಾಸು ಮಾಡಿಸುವ, ಯಾವ ಪಾಸು ಲಾಭ ಎಂದು ತಲೆ ಕೆಡಿಸಿಕೊಳ್ಳುವ ಕೆಲಸ ಪ್ರಯಾಣಿಕನದಲ್ಲ, ಕಂಪ್ಯೂಟರಿನದು. ಇಪ್ಪತ್ತು ವರ್ಷದ ಹತ್ತಿರ ಸಾಫ್ಟ್‌ವೇರಿನಲ್ಲಿರುವ ನನಗೆ ಲಂಡನ್ ಐಗಿಂತ ಇದೇ ನೋಡುವಂಥ ವಸ್ತು ಅನ್ನಿಸಿತು.

ಅವ್ವನ ಲೆಕ್ಕ ಬೇರೆ. 1.75 ಎಂದರೆ ನೂರಾ ಎಂಬತ್ತೈದು ರೂಪಾಯಿ. ನಮ್ಮೂರಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ. "ಅಲ್ಲೆ ಆಧಾರ್ ತೋರಿಸಿದ್ರ ಪುಕ್ಕಟೆ, ಇಲ್ಲೆ ಕಾರ್ಡ್ ಒತ್ತಿದ್ರ ನೂರಾ ಎಂಬತ್ತೈದು. ಇವರು ಮುಂದುವರದಾರಂತ!"

ಆ ಹತ್ತು ದಿನಗಳಲ್ಲಿ ಅವಳ ನಿಜವಾದ ಅಂಜಿಕೆ ಒಂದೊಂದಾಗಿ ಹೊರಬಂತು. ಪಿನ್ ಹಾಕದೆ ಹಣ ಹೋಗುವುದಾದರೆ ರೈಲಿನಲ್ಲಿ ಪಕ್ಕ ನಿಂತವನು ಯಂತ್ರ ತಾಗಿಸಿ ಹಣ ಎಳೆದುಕೊಂಡರೆ? ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇಂಥ ವಿಡಿಯೋ ನೀವೂ ನೋಡಿರುತ್ತೀರಿ. ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕಾರ್ಡು ರೀಡರಿಗೆ ಕೇಳಿಸುವುದು ಕೆಲವೇ ಸೆಂಟಿಮೀಟರ್ ದೂರದಲ್ಲಿ. ಪ್ರತಿ ಸಲ ಮುಟ್ಟಿಸಿದಾಗಲೂ ಚಿಪ್ಪು ಆ ಒಂದು ವ್ಯವಹಾರಕ್ಕೆಂದೇ ಹೊಸದೊಂದು ಗುಪ್ತ ಸಂಕೇತ ಹುಟ್ಟಿಸುತ್ತದೆ. ಅದನ್ನು ಕದ್ದು ಮತ್ತೊಮ್ಮೆ ಬಳಸಲು ಬರುವುದಿಲ್ಲ. ಹಳೆಯ ಕಪ್ಪು ಪಟ್ಟಿಯ ಕಾರ್ಡು ಸುಲಭವಾಗಿ ನಕಲಾಗುತ್ತಿದ್ದದ್ದು ಅದರಲ್ಲಿ ಈ ಗುಣ ಇಲ್ಲದ್ದರಿಂದ. ಕಾರ್ಡಿನ ನಂಬರು, ಅವಧಿ ಮುಗಿಯುವ ತಿಂಗಳು ಇವನ್ನು ಯಾರಾದರೂ ಹತ್ತಿರದಿಂದ ಓದಿಕೊಳ್ಳಬಹುದು, ಆದರೆ ಹಿಂಭಾಗದಲ್ಲಿ ಅಚ್ಚಾದ ಮೂರಂಕಿ ಗಾಳಿಯಲ್ಲಿ ಹೋಗುವುದಿಲ್ಲ. ಇನ್ನು ಯಂತ್ರ ಇಟ್ಟುಕೊಂಡು ಹಣ ಎಳೆಯಬೇಕಾದರೆ ಅವನಿಗೆ ವ್ಯಾಪಾರಿ ಖಾತೆ ಇರಬೇಕು, ಅಂದರೆ ಬ್ಯಾಂಕಿನ ಬಳಿ ಅವನ ಹೆಸರು ವಿಳಾಸ ಇರುತ್ತದೆ. ಕಳ್ಳತನ ಮಾಡಿ ತನ್ನ ಪಾಸ್‌ಬುಕ್ಕಿಗೇ ಜಮಾ ಮಾಡಿಸಿಕೊಂಡ ಹಾಗೆ. ಭಾರತದಲ್ಲಿ ಪಿನ್ ಇಲ್ಲದೆ ಒಂದು ಸಲಕ್ಕೆ 5,000 ರೂಪಾಯಿಯೇ ಮಿತಿ (2021ರ ಜನವರಿಗಿಂತ ಮೊದಲು 2,000 ಇತ್ತು). ಬ್ರಿಟನ್ನಿನ ಅಂಗಡಿಗಳಲ್ಲಿ ನಾವಿದ್ದಾಗ 100 ಪೌಂಡ್. ರೇಡಿಯೋ ತಡೆಯುವ ಪರ್ಸು ಎಂದು ಏರ್‌ಪೋರ್ಟಿನಲ್ಲಿ ಮಾರುತ್ತಾರಲ್ಲ, ಅದಕ್ಕೆ ಕೊಡುವ ಹಣದಲ್ಲಿ ಒಳ್ಳೆಯ ಕೊಡೆ ಕೊಳ್ಳಿ. ಲಂಡನ್ನಿಗೆ ಅದೇ ಉಪಯೋಗ.

ಅಪಾಯ ಇರುವುದು ಬೇರೆ ಎರಡು ಕಡೆ. ಒಂದು, ವಿದೇಶಿ ವೆಬ್‌ಸೈಟು. ನಮ್ಮ ದೇಶದ ಆನ್‌ಲೈನ್ ವ್ಯಾಪಾರಕ್ಕೆ ಓಟಿಪಿ ಕೇಳುತ್ತಾರೆ ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಹೊರಗಿನ ಎಷ್ಟೋ ತಾಣಗಳು ನಂಬರು, ತಿಂಗಳು, ಮೂರಂಕಿ ಇಷ್ಟಿದ್ದರೆ ಓಟಿಪಿ ಇಲ್ಲದೆಯೇ ಹಣ ಎಳೆಯುತ್ತವೆ. ಹೋಟೆಲಿನ ಕೌಂಟರಿನಲ್ಲಿ ಕಾರ್ಡು ಕೊಟ್ಟು ಅವರು ಒಳಗೊಯ್ದು ಎರಡೂ ಬದಿ ಫೋಟೋ ತೆಗೆದರೆ ಅದೇ ಸಾಕು. ಇದಕ್ಕೆ ಮದ್ದು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಲ್ಲೇ ಇದೆ: ಕಾರ್ಡಿನ ಅಂತರರಾಷ್ಟ್ರೀಯ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ಬಳಕೆಗೆ ಬೇರೆ ಬೇರೆ ಸ್ವಿಚ್ಚು. ಹೊಸ ಕಾರ್ಡಿನಲ್ಲಿ ಇವೆಲ್ಲ ಬಂದ್ ಆಗಿಯೇ ಬರುತ್ತವೆ, ಬೇಕಾದದ್ದನ್ನು ನಾವೇ ತೆರೆಯಬೇಕು. (ಅದಕ್ಕೇ ಎಷ್ಟೋ ಜನರ ಕಾರ್ಡು ವಿದೇಶದ ಮೊದಲ ಗೇಟಿನಲ್ಲೇ ಕೆಂಪು ದೀಪ ಕಾಣುತ್ತದೆ. ಮನೆಯಿಂದ ಹೊರಡುವ ಮುಂಚೆ ಆ್ಯಪು ತೆರೆದು ನೋಡಿ.) ನಾನು ಪ್ರವಾಸದಲ್ಲಿ ಅಂತರರಾಷ್ಟ್ರೀಯ ಕಾಂಟ್ಯಾಕ್ಟ್‌ಲೆಸ್ ತೆರೆದಿಟ್ಟು, ಅಂತರರಾಷ್ಟ್ರೀಯ ಆನ್‌ಲೈನ್ ಬಂದ್ ಮಾಡಿಟ್ಟಿರುತ್ತೇನೆ. ರೈಲು ಟಿಕೆಟ್ಟೋ ಮ್ಯೂಸಿಯಂ ಟಿಕೆಟ್ಟೋ ಬೇಕಾದಾಗ ಐದು ನಿಮಿಷ ತೆರೆದು ಮುಚ್ಚುತ್ತೇನೆ.

ಎರಡನೆಯದು, ನಮ್ಮ ಓಣಿಯವರಿಗೆ ಬಂದಂಥ ಫೋನು. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವನು ಕದ್ದ ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮಗೆ ಒಂದು ಪೈಸೆ ನಷ್ಟವಿಲ್ಲ. ಏಳು ದಿನದವರೆಗೆ ತಡವಾದರೆ ಮಿತವಾದ ನಷ್ಟ. ಆದರೆ ಓಟಿಪಿ, ಪಿನ್ ನಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ನಮ್ಮದೇ. ಮುಟ್ಟಿಸಿ ಕದ್ದ ಹಣ ತಿರುಗಿ ಬರುವ ದಾರಿ ಇದೆ, ಮಾತಾಡಿಸಿ ಕದ್ದದ್ದಕ್ಕೆ ಅದು ಬಲು ಕಿರಿದು. ಹೇಳಿಬಿಟ್ಟರೆ ಆ ಕ್ಷಣವೇ ಬ್ಯಾಂಕಿಗೂ 1930ಕ್ಕೂ ಫೋನು ಮಾಡಬೇಕು. ಅವ್ವ ಇದನ್ನು ಎರಡು ಸಲ ಹೇಳಿಸಿ ಕೇಳಿದಳು. "ಅಂದ್ರ ಕಾರ್ಡ್ ಕಳದ್ರ ಅಂಜಬೇಕಾಗಿಲ್ಲ, ಬಾಯಿ ಬಿಟ್ರ ಅಂಜಬೇಕು." ಪರ್ಸಿನಲ್ಲಿ ಒಂದು ಚೀಟಿ ಮೇಲೆ ಕಾರ್ಡು ಬಂದ್ ಮಾಡಿಸುವ ಫೋನ್ ನಂಬರನ್ನು ತಾನೇ ಬರೆದಿಟ್ಟುಕೊಂಡಳು.

ಈಗ ಪಾಯಿಂಟು, ಮೈಲು, ಲೌಂಜಿನ ವಿಚಾರ. ಹಿಂಜವಡಿಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಕ್ರಿಕೆಟ್ಟಿಗಿಂತ ಇದೇ ಮಾತು ಜಾಸ್ತಿ. ಯಾವ ಕಾರ್ಡಿನಲ್ಲಿ ನೂರು ರೂಪಾಯಿಗೆ ಎಷ್ಟು ಪಾಯಿಂಟು, ಯಾವ ವಿಮಾನ ಕಂಪನಿಗೆ ಬದಲಾಯಿಸಿದರೆ ಎಷ್ಟು ಲಾಭ ಎಂದು ಎಕ್ಸೆಲ್ ಹಾಳೆ ಇಟ್ಟುಕೊಂಡವರಿದ್ದಾರೆ. ಕಂಪನಿ ಖರ್ಚಿನಲ್ಲಿ ವರ್ಷಕ್ಕೆ ಆರು ಸಲ ಹಾರುವವರಿಗೆ ಅದು ನಿಜವಾದ ಲಾಭ, ಇಲ್ಲ ಎನ್ನಲಾರೆ. ನಮ್ಮಂತೆ ಎರಡು ವರ್ಷಕ್ಕೊಮ್ಮೆ ತಂಗಿಯ ಮನೆಗೋ ಸಿಂಗಾಪುರಕ್ಕೋ ಹೋಗುವವರು ಮೊದಲು ನೋಡಬೇಕಾದದ್ದು ಫಾರೆಕ್ಸ್ ಮಾರ್ಕಪ್. ಸಾಮಾನ್ಯ ಕಾರ್ಡಿನಲ್ಲಿ ಅದು 3.5%. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 4.13%. ಲಕ್ಷ ರೂಪಾಯಿ ಖರ್ಚು ಮಾಡಿದರೆ 4,130 ರೂಪಾಯಿ ಹೀಗೇ ಹೋಯಿತು. ಅದೇ ಖರ್ಚಿಗೆ 2% ಪಾಯಿಂಟು ಬಂದರೆ 2,000. ಉಡುಗೊರೆ ಎಂದು ನಾವು ಕುಣಿಯುವಾಗ ಎರಡು ಸಾವಿರ ಕೈಯಿಂದ ಕೊಟ್ಟಿರುತ್ತೇವೆ, ವಾರ್ಷಿಕ ಶುಲ್ಕ ಬೇರೆ. ಮಾರ್ಕಪ್ ಸೊನ್ನೆ ಇರುವ, ಶುಲ್ಕ ಕಡಿಮೆ ಇರುವ ಕಾರ್ಡು ಪಾಯಿಂಟು ಕೊಡದಿದ್ದರೂ ನನಗೆ ಅದೇ ಒಳ್ಳೆಯದು. ಲೌಂಜಿನ ಪುಕ್ಕಟೆ ಉಪ್ಪಿಟ್ಟಿಗೂ ಈಗ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕೆಂದು ಎಷ್ಟೋ ಬ್ಯಾಂಕುಗಳು ಷರತ್ತು ಹಾಕಿವೆ. ಮುಂಬಯಿಯಲ್ಲಿ ಲೌಂಜಿನ ಬಾಗಿಲಿನ ಸಾಲು ನೋಡಿ ಅವ್ವ "ಇಷ್ಟು ಮಂದಿಗೆ ಯಾರ ಮನೀ ಲಗ್ನದ ಊಟ?" ಎಂದು ಕೇಳಿ, ಚೀಲದಿಂದ ಚಪಾತಿ ತೆಗೆದಳು.

ಅಂಗಡಿಯ ಯಂತ್ರ ಕೆಲವು ಸಲ ಭಾರತದ ಕಾರ್ಡು ಎಂದು ಗುರುತು ಹಿಡಿದು, 'ರೂಪಾಯಿಯಲ್ಲಿ ಕೊಡುತ್ತೀರಾ, ಪೌಂಡಿನಲ್ಲಿ ಕೊಡುತ್ತೀರಾ' ಎಂದು ಕೇಳುತ್ತದೆ. ರೂಪಾಯಿ ಎಂದು ಕಂಡ ಕೂಡಲೇ ನಮ್ಮವರು ಅದನ್ನೇ ಒತ್ತುತ್ತಾರೆ. ಒತ್ತಬೇಡಿ. ಆ ವಿನಿಮಯದ ದರ ಯಂತ್ರದವರದು, ಅವರ ಲಾಭ ಅದರೊಳಗೇ ಕೂತಿರುತ್ತದೆ. ಸಾಲದ್ದಕ್ಕೆ ಕೆಲವು ಭಾರತೀಯ ಬ್ಯಾಂಕುಗಳು ಅದಕ್ಕೂ ಬೇರೆ ಶುಲ್ಕ ಹಾಕುತ್ತವೆ. ಯಾವ ಊರಿನಲ್ಲಿದ್ದೀರೋ ಆ ಊರಿನ ಹಣ. ಎಟಿಎಮ್ಮಿನಲ್ಲೂ ಇದೇ.

ಭಾನುವಾರ ಅವ್ವನನ್ನು ಥೇಮ್ಸ್ ದಂಡೆಗೆ ಕರೆದುಕೊಂಡು ಹೋದೆ. ಈಸ್ಟ್ ಹ್ಯಾಮ್‌ನಿಂದ ಅದೇ ಹಸಿರು ಲೈನಿನಲ್ಲಿ ವೆಸ್ಟ್‌ಮಿನ್‌ಸ್ಟರ್, ಅಲ್ಲಿಂದ ಸೇತುವೆ ದಾಟಿ ಬಲಕ್ಕೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ನದಿಯಾಚೆ ಪಾರ್ಲಿಮೆಂಟು, ಈಚೆ ಬಸವಣ್ಣ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಅದನ್ನು ನಿಲ್ಲಿಸಲು ದುಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ. ಅವ್ವ ಚಪ್ಪಲಿ ಬಿಟ್ಟು ನಮಸ್ಕರಿಸಿದಳು, ಪಕ್ಕದಲ್ಲಿ ಓಡುತ್ತಿದ್ದ ಇಬ್ಬರು ನಿಂತು ನೋಡಿದರು. ಆಮೇಲೆ ಸುತ್ತಮುತ್ತ ಕಣ್ಣಾಡಿಸಿ ಹುಂಡಿ ಕಾಣದ್ದಕ್ಕೆ ಸಮಾಧಾನಪಟ್ಟಳು. "ಇಲ್ಲಾದ್ರೂ ಏನೂ ಒತ್ತೂ ಹಂಗಿಲ್ಲ."

ನಗದು ಬೇಡವೇ ಬೇಡ ಎಂದಲ್ಲ. ಅಪ್ಟನ್ ಪಾರ್ಕಿನ ಕ್ವೀನ್ಸ್ ಮಾರ್ಕೆಟ್ಟಿನಲ್ಲಿ ತರಕಾರಿಯನ್ನು ಬಟ್ಟಲಿನಲ್ಲಿ ಸುರಿದಿಟ್ಟು ಬಟ್ಟಲಿಗಿಷ್ಟು ಎಂದು ಮಾರುತ್ತಾರೆ. ಕೆಲವರ ಬಳಿ ಯಂತ್ರವಿಲ್ಲ. ಅಲ್ಲಿ ಅವ್ವ ನಾಣ್ಯ ಎಣಿಸಿ ಕೊಟ್ಟು, ಬಟ್ಟಲಿನ ಮೇಲೆ ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿಸಿಕೊಂಡಳು. ಧಾರವಾಡದ ಸಂತೆಯಲ್ಲಿ ಮಾಡುವ ಚೌಕಾಶಿಯನ್ನೇ ಕನ್ನಡದಲ್ಲಿ ಮಾಡಿದಳು. ಮಾರುವವನೂ ಯಾವುದೋ ತನ್ನ ಭಾಷೆಯಲ್ಲಿ ಉತ್ತರಿಸಿದ. ಕಾರ್ಡಿನಲ್ಲಿ ಆ ಎರಡು ಮೆಣಸಿನಕಾಯಿ ಬರುತ್ತಿರಲಿಲ್ಲ.

ಪುಣೆಗೆ ಮರಳಿದ ಮೇಲೆ ಅವ್ವನ ಲಂಡನ್ನು ನನ್ನ ಫೋನಿನಲ್ಲಿ ನಡೆಯತೊಡಗಿತು. ಕಾರ್ಡಿನ ಅರ್ಜಿಯಲ್ಲಿ ಮೊಬೈಲ್ ನಂಬರು ನನ್ನದಿತ್ತು, ಅವಳ ಸಿಮ್ಮಿಗೆ ಅಲ್ಲಿ ಮೆಸೇಜು ಸಿಗುವುದೋ ಇಲ್ಲವೋ ಎಂಬ ಲೆಕ್ಕದಲ್ಲಿ. ದಿನವೂ ಮಧ್ಯಾಹ್ನದ ಹೊತ್ತಿಗೆ ಹಿಂದಿನ ದಿನದ ಮೊತ್ತ ಬರುತ್ತಿತ್ತು. ಮೊದಲ ವಾರ ಏನೂ ಇಲ್ಲ. ಆಮೇಲೆ ಒಂದು ದಿನ 3.50. ಹೋಗಿ ಬಂದಿದ್ದಾಳೆ! ತಂಗಿಗೆ ಫೋನು ಮಾಡಿದೆ. ಹೌದಂತೆ, ಒಬ್ಬಳೇ ಹಸಿರು ಸೊಪ್ಪಿಗೆ ಹೋಗಿ ಬಂದಳಂತೆ. ಮರುವಾರ ಮತ್ತೆ 3.50, ಮತ್ತೆ 3.50. ನಂತರ ಒಂದು ದಿನ ಬರೀ 1.75 ಬಂತು. ಹೋದವಳು ಬಸ್ಸಿನಲ್ಲಿ ತಿರುಗಿ ಬಂದಿಲ್ಲವೇ? ನಡೆದು ಬಂದಳೇ, ದಾರಿ ತಪ್ಪಿತೇ? ಮೀಟಿಂಗಿನ ನಡುವೆ ಎದ್ದು ಹೋಗಿ ಫೋನು ಮಾಡಿದೆ. ಅವ್ವನೇ ಎತ್ತಿದಳು.

"ಒಂದು ತಾಸಿನೊಳಗ ಎರಡನೇ ಬಸ್ ಹತ್ತಿದ್ರ ಒಂದ ಚಾರ್ಜ್ ಅಂತ. ಮಹಾಲಕ್ಷ್ಮಿ ಗುಡ್ಯಾಗ ಒಬ್ಬಾಕಿ ಆಂಧ್ರದಾಕಿ ಹೇಳಿದ್ಲು. ನಾ ಗಡಿಯಾರ ನೋಡಿಕೊಂಡ ಹೋಗಿ ಬಂದೆ, ಐವತ್ತು ಮಿನೀಟಿನ್ಯಾಗ."

ಹಾಪರ್ ದರ ಎಂದು ಅದರ ಹೆಸರು. ಮೊದಲ ಬಸ್ಸಿಗೆ ಮುಟ್ಟಿಸಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಒಂದೇ ಬಸ್ಸಿನ ದರ, ಆಗ 1.75 ಅಷ್ಟೇ. ನಾನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ 3.50 ಎನ್ನುವುದು ಅಪರೂಪವಾಯಿತು. ಎಷ್ಟೋ ದಿನ 1.75, ಆಮೇಲೆ ಅಂಗಡಿಯ ಆರೇಳು ಪೌಂಡು, ಒಂದು ದಿನ ಹದಿನೆಂಟು ಪೌಂಡು.

ಆ ಹದಿನೆಂಟಕ್ಕೆ ನಾನು "ಏನ್ ತಗೊಂಡಿ?" ಎಂದು ಕೇಳಿದ್ದೇ ಜಗಳಕ್ಕೆ ಮೂಲ.

"ನಾ ಎಲ್ಲಿ ಹೊಕ್ಕೀನಿ, ಏನ್ ಕೊಂಡೀನಿ, ಪುಣೇದಾಗ ಕುಂತು ನೀ ಹೆಂಗ ಹೇಳ್ತಿ?"

ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

"ನಿಮ್ಮಪ್ಪ ಇದ್ದಾಗ ಕಿಸೆದಾಗಿನ ರೊಕ್ಕ ಕೊಟ್ಟು ಲೆಕ್ಕ ಕೇಳ್ತಿರಲಿಲ್ಲ. ಈಗ ನನ್ನ ರೊಕ್ಕದ ಸುದ್ದಿ ನಿನ್ನ ಫೋನಿಗೆ ಯಾಕ ಬರ್ತೈತಿ? ನನ್ನ ನಂಬರ್ ಹಾಕು."

ತಂಗಿಗೆ ಇದು ಸರಿ ಬೀಳಲಿಲ್ಲ. ಮೆಸೇಜು ಅವ್ವನ ಫೋನಿಗೆ ಹೋದರೆ ಓಟಿಪಿಯೂ ಅವಳಿಗೇ ಹೋಗುತ್ತದೆ. ಓಣಿಯವರಿಗೆ ಬಂದಂಥ ಫೋನು ಅವಳಿಗೂ ಬಂದರೆ? ವಯಸ್ಸಾದ ತಂದೆ ತಾಯಿಯ ಕಾರ್ಡಿಗೆ ಮಕ್ಕಳ ನಂಬರು ಇರುವುದೇ ಕ್ಷೇಮ ಎಂದು ಅವಳ ವಾದ. ಪುಣೆ, ಬೆಂಗಳೂರಿನಲ್ಲಿರುವ ನನ್ನ ಗೆಳೆಯರಲ್ಲಿ ಹೆಚ್ಚಿನವರದೂ ಅದೇ ವ್ಯವಸ್ಥೆ. ಎಷ್ಟೋ ಮನೆಗಳಿಗೆ ಅದು ಬೇಕಾಗಿಯೂ ಇದೆ, ಮರೆವು ಶುರುವಾದವರಿದ್ದಾರೆ, ಕಣ್ಣು ಕಾಣದವರಿದ್ದಾರೆ. ಆದರೆ ನಮ್ಮವ್ವ ಅವರಲ್ಲ. ಕಾರ್ಡಿನಲ್ಲಿ ತುಂಬಿದಷ್ಟೇ ಹಣ, ಅವಳ ಉಳಿತಾಯ ಖಾತೆಗೂ ಅದಕ್ಕೂ ಕೊಂಡಿಯಿಲ್ಲ, ಹೋದರೆ ಅಷ್ಟೇ ಹೋಗುತ್ತದೆ. ಫಾರೆಕ್ಸ್ ಕಾರ್ಡಿನ ದೊಡ್ಡ ಗುಣವೇ ಅದು. ನಾನು ಇದನ್ನೆಲ್ಲ ತಂಗಿಗೆ ವಿವರಿಸುತ್ತಿದ್ದಾಗ ಹಿಂದಿನಿಂದ ಅವ್ವನ ದನಿ:

"ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ನೀವ ಹೇಳೀರಿ. ನಿಮಗೂ ಹೇಳಂಗಿಲ್ಲ."

ಬ್ಯಾಂಕಿನ ಫಾರಮ್ಮಿಗೆ ಅವ್ವನ ಸಹಿ ಬೇಕಿತ್ತು. ತಂಗಿ ಮುದ್ರಿಸಿ ಕೊಟ್ಟಳು, ಅವ್ವ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ನಿಧಾನವಾಗಿ ಸಹಿ ಮಾಡಿದಳಂತೆ. ಆರು ದಿನ ಹಿಡಿಯಿತು. ಏಳನೆಯ ದಿನದಿಂದ ನನ್ನ ಫೋನಿಗೆ ಏನೂ ಬರಲಿಲ್ಲ. ಒಂದೆರಡು ವಾರ ಮಧ್ಯಾಹ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಆ ಹದಿನೆಂಟು ಪೌಂಡು ಏನಕ್ಕೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ವಾಪಸ್ ಬಂದು ಪುಣೆಯಲ್ಲಿ ನಾಲ್ಕು ದಿನ ಇದ್ದಳು. ಕಾರ್ಡಿನಲ್ಲಿ 140 ಪೌಂಡ್ ಚಿಲ್ಲರೆ ಉಳಿದಿತ್ತು. ಬ್ಯಾಂಕಿಗೆ ಕೊಟ್ಟು ರೂಪಾಯಿ ಮಾಡಿಸೋಣವೇ ಎಂದರೆ, ಅವರು ಕೊಳ್ಳುವ ದರ ಕೇಳಿ, ಬೇಡ, ಮೊಮ್ಮಗನ ಜವಳಕ್ಕೆ ಹೋಗುವಾಗ ಬೇಕು ಎಂದಳು. ಒಂದು ಸಂಜೆ ವನಾಜ್ ಸ್ಟೇಷನ್ನಿನಿಂದ ಮೆಟ್ರೊ ಹತ್ತಲು ಹೋದೆವು. ನಾನು ಟಿಕೆಟ್ಟಿಗೆಂದು ಫೋನು ತೆಗೆಯುವಷ್ಟರಲ್ಲಿ ಅವಳು ಪರ್ಸಿನಿಂದ ಆ ಕಾರ್ಡು ತೆಗೆದು ಗೇಟಿನ ಬಳಿ ನಿಂತಿದ್ದಳು. ಫಾರೆಕ್ಸ್ ಕಾರ್ಡು ಭಾರತದೊಳಗೆ ನಡೆಯುವುದಿಲ್ಲ ಎಂದೆ. ಇಲ್ಲಿಯ ಮೆಟ್ರೊಗಳಿಗೆ 2019ರಲ್ಲಿ ಬಂದ ಎನ್‌ಸಿಎಂಸಿ ಎಂಬ ಬೇರೆ ಕಾರ್ಡಿದೆ, ಪುಣೆಯದೇ ಬೆಂಗಳೂರಿನ ಮೆಟ್ರೊದಲ್ಲೂ ನಡೆಯುತ್ತದೆ, ಅದರೊಳಗಿನ ಪುಟ್ಟ ಪರ್ಸಿನಲ್ಲಿ 2,000 ರೂಪಾಯಿವರೆಗೆ ತುಂಬಿಡಬಹುದು, ಪಿನ್ ಬೇಡ, ಆದರೆ ಕಳೆದರೆ ಆ ಪರ್ಸಿನ ಹಣ ನೋಟು ಕಳೆದ ಹಾಗೆಯೇ ಎಂದು ಎಲ್ಲ ಹೇಳಿದೆ.

"ಹಂಗಾರ ಅದರಾಗ ಇನ್ನೂರಕ್ಕಿಂತ ಹೆಚ್ಚಿಗೆ ಇಡೂದು ಬ್ಯಾಡ. ಒಂದು ಮಾಡಸು," ಎಂದಳು. ಟಿಕೆಟ್ ಕೌಂಟರಿನ ಹುಡುಗಿ ಫಾರಮ್ಮು ಕೊಟ್ಟಾಗ ಮೊಬೈಲ್ ನಂಬರಿನ ಜಾಗ ನಾನು ತುಂಬುವ ಮೊದಲೇ ಪೆನ್ನು ಇಸಿದುಕೊಂಡಳು.